ಮಳೆ ತರುವ ನೆಂಟರು: ಹೋಪಿ ಜನರ ಕತ್ಸಿನಾಗಳು ದೇವರೇ?

ಪ್ರಶ್ನೆ: ನಾವು ಅಮೆರಿಕದ ಅರಿಜೋನಾದಲ್ಲಿ, ಚಾಂಡ್ಲರ್ ಊರಿನಲ್ಲಿದ್ದೇವೆ. ಗ್ರ್ಯಾಂಡ್ ಕ್ಯಾನ್ಯನ್ ನೋಡಲು ಹೋದಾಗ ಬಣ್ಣ ಬಳಿದ ಒಂದು ಮರದ ಬೊಂಬೆ ತಂದೆವು. ‘ಇದು ಕಚಿನಾ, ಹೋಪಿ ಜನರ ದೇವರು’ ಎಂದು ಅಂಗಡಿಯವರು ಹೇಳಿದರು. ನಮ್ಮತ್ತೆ ಉಡುಪಿ ಕಡೆಯವರು. ‘ಇದು ನಮ್ಮ ದೈವಗಳ ಥರಾನೇ ಇದೆ, ಸುಮ್ನೆ ಶೋಕೇಸಿನಲ್ಲಿ ಇಡಬೇಡಿ’ ಅಂತಾರೆ. ಇವರು ನಿಜಕ್ಕೂ ದೇವರಾ? ಒಳ್ಳೆಯ ಶಕ್ತಿಗಳಾ? ಬೊಂಬೆಯನ್ನು ದಸರಾ ಸಾಲಿನಲ್ಲಿ ಇಡಬಹುದಾ? ಅವರ ಕುಣಿತ ನೋಡಲು ನಮ್ಮಂಥವರನ್ನು ಬಿಡುತ್ತಾರಾ?

ಉತ್ತರ: ಅಂಗಡಿಯವರ ಮಾತು ಸರಿಯಲ್ಲ. ನಿಮ್ಮ ಬಳಿ ಇರುವ ಬೊಂಬೆ ದೇವರಲ್ಲ. ಅದು ತೋರಿಸುವ ಕತ್ಸಿನಾ ಕೂಡ ನಾವು ದೇವರು ಎನ್ನುವ ಅರ್ಥದಲ್ಲಿ ದೇವರಲ್ಲ. (ಅಂಗಡಿಗಳಲ್ಲಿ ಕಚಿನಾ ಎನ್ನುತ್ತಾರೆ. ಅಮೆರಿಕದ ಮೂಲನಿವಾಸಿಗಳಾದ ಹೋಪಿಗಳ ಬಾಯಲ್ಲಿ ಅದು ಕತ್ಸಿನಾ. ನಾನು ಅದನ್ನೇ ಬಳಸುತ್ತೇನೆ.) ಹೋಪಿಗಳಿಗೆ ಬೇರೆ ದೊಡ್ಡ ಶಕ್ತಿಗಳಿದ್ದಾರೆ. ಸೂರ್ಯನಾದ ತಾವಾ ಇದ್ದಾನೆ. ಈ ಭೂಮಿಯನ್ನು ಕಾಯುವ ಮಾಸಾವ್ ಇದ್ದಾನೆ. ಲೋಕಕ್ಕೆ ಬುದ್ಧಿ ಹೇಳುವ ಜೇಡಜ್ಜಿ ಇದ್ದಾಳೆ. ಕತ್ಸಿನಾಗಳ ಜಾಗ ಬೇರೆ. ಅವರು ವರ್ಷದ ಅರ್ಧ ಕಾಲ ಊರಿಗೆ ಬಂದು ಇದ್ದು ಹೋಗುವವರು. ಜನರ ಬೇಡಿಕೆಯನ್ನು ಕೇಳಿಸಿಕೊಂಡು ಮಳೆಯ ಮೂಲಕ್ಕೆ ಮುಟ್ಟಿಸುವವರು. ಜನ ಅವರಿಗೆ ಅಡ್ಡ ಬೀಳುವುದಿಲ್ಲ. ಕರೆಯುತ್ತಾರೆ, ಹಿಟ್ಟು ಎರಚಿ ಸ್ವಾಗತಿಸುತ್ತಾರೆ, ಉಣಿಸುತ್ತಾರೆ, ಕೈಗೆ ಗರಿ ಕೊಟ್ಟು ಕಳಿಸುತ್ತಾರೆ. ತುಂಬ ಗೌರವದ ನೆಂಟರ ಜೊತೆ ಇರುವಂಥ ಸಂಬಂಧ ಅದು.

ಒಳ್ಳೆಯ ಶಕ್ತಿಗಳಾ ಎಂದು ಕೇಳಿದ್ದೀರಿ. ಹೌದು. ಆದರೆ ಆ ಒಳ್ಳೆಯತನ ಬೇಡಿದ್ದನ್ನೆಲ್ಲ ಕೊಡುವ ಒಳ್ಳೆಯತನವಲ್ಲ. ಅದರಲ್ಲಿ ಎರಡೂ ಕಡೆಗೆ ಹೊಣೆಯಿದೆ. ಜನ ನೆಟ್ಟಗೆ ಬಾಳಬೇಕು, ಒಬ್ಬರ ಮೇಲೊಬ್ಬರು ಮನಸ್ಸು ಕೆಡಿಸಿಕೊಳ್ಳದೆ ಹೊಲ ಮಾಡಬೇಕು. ಆಗ ಕತ್ಸಿನಾಗಳು ಬರುತ್ತಾರೆ, ಮೋಡ ತರುತ್ತಾರೆ. ಇದು ಅರ್ಥವಾಗಬೇಕಾದರೆ ಆ ನೆಲವನ್ನು ನೋಡಬೇಕು.

ಹೋಪಿಗಳ ಊರುಗಳು ಅರಿಜೋನಾದ ಈಶಾನ್ಯ ಭಾಗದಲ್ಲಿವೆ. ಸುತ್ತಲೂ ನವಾಹೊ ಜನರ ವಿಶಾಲ ನಾಡು. ಅದರ ನಡುವೆ ಮೇಸಾ ಎಂದು ಕರೆಯುವ, ಚಪ್ಪಟೆ ತಲೆಯ ಮೂರು ಕಲ್ಲುಬೆಟ್ಟಗಳ ಮೇಲೆ ಮತ್ತು ಅವುಗಳ ತಪ್ಪಲಲ್ಲಿ ಈ ಊರುಗಳು. ಮೊದಲ ಮೇಸಾದ ಮೇಲೆ ವಾಲ್ಪಿ, ಎರಡನೆಯದರ ಮೇಲೆ ಶುಂಗೋಪಾವಿ, ಮೂರನೆಯದರ ಮೇಲೆ ಓರೈಬಿ ಮತ್ತು ಹೋಟೆವಿಲ್ಲಾ, ಹೀಗೆ ಹನ್ನೆರಡರಷ್ಟು ಹಳ್ಳಿಗಳು. ಓರೈಬಿಯಲ್ಲಿ ಸುಮಾರು 900 ವರ್ಷಗಳಿಂದ ಜನ ಬಿಡದೆ ವಾಸ ಮಾಡುತ್ತಿದ್ದಾರೆ. ಇಡೀ ಅಮೆರಿಕದಲ್ಲಿ ಅಷ್ಟು ಹಳೆಯ ಊರುಗಳು ಬೆರಳೆಣಿಕೆಯಷ್ಟು ಮಾತ್ರ.

ಅಲ್ಲಿ ಹರಿಯುವ ನದಿ ಇಲ್ಲ. ವರ್ಷಕ್ಕೆ 200ರಿಂದ 250 ಮಿಲಿಮೀಟರ್ ಮಳೆ ಬಂದರೆ ಹೆಚ್ಚು. ಅಷ್ಟರಲ್ಲೇ ನೀರಾವರಿ ಇಲ್ಲದೆ ಮೆಕ್ಕೆಜೋಳ ಬೆಳೆಯುತ್ತಾರೆ! ಕೋಲಿನಿಂದ ಮರಳು ನೆಲವನ್ನು ಒಂದು ಗೇಣು, ಕೆಲವು ಕಡೆ ಅದಕ್ಕಿಂತಲೂ ಆಳ ತೋಡುತ್ತಾರೆ. ಕೆಳಗೆ ಉಳಿದಿರುವ ತೇವ ಸಿಗುವವರೆಗೂ ತೋಡುವುದು. ಒಂದೊಂದು ಗುಂಡಿಗೆ ಹತ್ತಾರು ಕಾಳು ಹಾಕುತ್ತಾರೆ. ಗುಂಡಿಗಳ ನಡುವೆ ಒಬ್ಬ ಮನುಷ್ಯ ಆರಾಮಾಗಿ ಮಲಗುವಷ್ಟು ಜಾಗ ಬಿಡುತ್ತಾರೆ. ಅಷ್ಟು ಆಳದಿಂದ ಮೇಲೆ ಬರುವ ಶಕ್ತಿ ಇರುವ ತಳಿಯನ್ನು ಅವರೇ ತಲೆಮಾರುಗಳಿಂದ ಆರಿಸಿ ಕಾಪಾಡಿಕೊಂಡಿದ್ದಾರೆ. ಚಳಿಗಾಲದ ಹಿಮ ಕರಗಿ ನೆಲದಾಳಕ್ಕೆ ಇಳಿಯಬೇಕು. ಜುಲೈ, ಆಗಸ್ಟ್‌ನಲ್ಲಿ ಗುಡುಗಿನ ಮಳೆ ಬೀಳಬೇಕು. ಎರಡರಲ್ಲಿ ಒಂದು ತಪ್ಪಿದರೂ ಆ ವರ್ಷ ಕಷ್ಟ. ಇಂಥ ಕಡೆ ಮಳೆ ಅಂದರೆ ಬರೀ ಹವಾಮಾನವಲ್ಲ.

ಮೇಸಾಗಳ ಮೇಲೆ ನಿಂತು ನೈಋತ್ಯಕ್ಕೆ ನೋಡಿದರೆ ದೂರದಲ್ಲಿ ಒಂದು ದೊಡ್ಡ ಬೆಟ್ಟದ ಸಾಲು ಕಾಣುತ್ತದೆ. ಫ್ಲ್ಯಾಗ್‌ಸ್ಟಾಫ್ ಊರಿನ ಪಕ್ಕದ ಸ್ಯಾನ್ ಫ್ರಾನ್ಸಿಸ್ಕೊ ಶಿಖರಗಳು. 3,850 ಮೀಟರ್ ಎತ್ತರ, ಅರಿಜೋನಾಕ್ಕೇ ಎತ್ತರದ ಜಾಗ. ಹೋಪಿಗಳು ಇದನ್ನು ನುವಾತುಕ್ಯಾಓವಿ ಎನ್ನುತ್ತಾರೆ. ಇದು ಕತ್ಸಿನಾಗಳ ಮನೆ. ಬೇಸಿಗೆಯಲ್ಲಿ ಮೋಡಗಳು ಮೊದಲು ಕಟ್ಟುವುದು ಆ ಶಿಖರಗಳ ಮೇಲೇ. ಬೆಳಿಗ್ಗೆ ಬೋಳಾಗಿದ್ದ ಆಕಾಶದಲ್ಲಿ ಮಧ್ಯಾಹ್ನದ ಹೊತ್ತಿಗೆ ಬಿಳಿ ಮೋಡದ ರಾಶಿ ಎದ್ದು ನಿಲ್ಲುತ್ತದೆ, ಆಮೇಲೆ ಬಯಲಿನ ಕಡೆ ಹೊರಡುತ್ತದೆ. ಹೋಪಿ ರೈತ ಹೊಲದಲ್ಲಿ ನಿಂತು ನೋಡುವುದು ಅದನ್ನೇ.

ತೀರಿಹೋದ ಹಿರಿಯರೂ ಈ ಮೋಡಗಳಲ್ಲಿದ್ದಾರೆ. ಒಳ್ಳೆಯ ಬಾಳು ಬಾಳಿದವರು ಸತ್ತ ಮೇಲೆ ಮೋಡವಾಗಿ, ಕತ್ಸಿನಾ ಆಗಿ ಮಳೆ ಹೊತ್ತು ತಮ್ಮವರ ಬಳಿಗೆ ಬರುತ್ತಾರೆ ಎಂಬ ನಂಬಿಕೆ. ಹಿಂದಿನಿಂದಲೂ ಹೆಣದ ಮುಖದ ಮೇಲೆ ಬಿಳಿ ಹತ್ತಿಯ ಹೊದಿಕೆ ಇಡುವ ರೂಢಿಯಿದೆ. ಅದು ಮೋಡದ ಗುರುತು. ಹೊಲಕ್ಕೆ ಬೀಳುವ ಹನಿಯಲ್ಲಿ ತೀರಿಹೋದ ಅಜ್ಜಿಯೂ ಇರಬಹುದು. ಹೋಪಿ ಧರ್ಮದ ಬಗ್ಗೆ ಓದುವಾಗ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ತಟ್ಟಿದ್ದು ಇದೇ.

ಹಾಗಂತ ಕತ್ಸಿನಾಗಳೆಲ್ಲ ಸತ್ತವರ ಜೀವಗಳು ಮಾತ್ರ ಎಂದುಕೊಳ್ಳಬೇಡಿ. ಮೆಕ್ಕೆಜೋಳಕ್ಕೆ ಕತ್ಸಿನಾ ಇದ್ದಾರೆ. ಕರಡಿಗೆ, ಹದ್ದಿಗೆ, ಜಿಂಕೆಗೆ, ಗೂಬೆಗೆ, ಹಿಮಕ್ಕೆ ಇದ್ದಾರೆ. ನೆರೆಯ ನವಾಹೊ, ಜೂನಿ ಜನರ ರೂಪದ ಕತ್ಸಿನಾಗಳೂ ಇದ್ದಾರೆ. ಜೀವ ಇರುವ ಎಲ್ಲದಕ್ಕೂ ಒಂದು ಒಳಗಿನ ರೂಪವಿದೆ, ಅದು ಮನುಷ್ಯರ ಹತ್ತಿರ ಬರಬಲ್ಲದು ಎಂಬ ತಿಳಿವಳಿಕೆ. ಬಗೆಗಳನ್ನು ಲೆಕ್ಕ ಹಾಕಿದವರು 300ರ ಆಸುಪಾಸು ಹೇಳುತ್ತಾರೆ, ಕೆಲವರು ಅದಕ್ಕೂ ಹೆಚ್ಚು. ಕೆಲವರು ಬಹಳ ಕಾಲ ಬರದೆ ಹೋಗುತ್ತಾರೆ, ಹೊಸಬರು ಸೇರುತ್ತಾರೆ. ಇವರಲ್ಲಿ ಉದ್ದಗೂದಲ ಕತ್ಸಿನಾ ನನಗೆ ತುಂಬ ಇಷ್ಟ. ಬೆನ್ನ ಮೇಲೆ ಬಿಟ್ಟ ಕಪ್ಪು ಕೂದಲು ದೂರದಲ್ಲಿ ಸುರಿಯುವ ಮಳೆಯ ಪರದೆಯ ಹಾಗೆ ಕಾಣುತ್ತದೆ. ಅಬ್ಬರವಿಲ್ಲದ, ನೆಲ ಕೊಚ್ಚಿಕೊಂಡು ಹೋಗದ ಸಣ್ಣ ಮಳೆ ತರುವವರು ಅವರು.

ಅವರ ಕಾಲ ಡಿಸೆಂಬರ್‌ನಲ್ಲಿ, ಸೂರ್ಯ ದಕ್ಷಿಣದ ಕೊನೆ ಮುಟ್ಟಿ ಹಿಂದಿರುಗುವ ಹೊತ್ತಿಗೆ ಶುರುವಾಗುತ್ತದೆ. ಸೋಯಾಲ್ ಎಂಬ ಆಚರಣೆಯ ಆಸುಪಾಸಿನಲ್ಲಿ ಮೊದಲ ಕತ್ಸಿನಾ ಒಬ್ಬರೇ ಊರೊಳಗೆ ಬರುತ್ತಾರೆ. ದೀರ್ಘ ನಿದ್ದೆಯಿಂದ ಈಗ ತಾನೆ ಎದ್ದ ಮುದುಕರ ಹಾಗೆ ತಡವರಿಸುತ್ತ ನಡೆಯುತ್ತಾರೆ. ಜನವರಿಯಲ್ಲಿ ರಾತ್ರಿ ಕುಣಿತಗಳು ನಡೆಯುತ್ತವೆ. ಜಾಗ ಕಿವಾ, ಅಂದರೆ ನೆಲದೊಳಗೆ ಕಟ್ಟಿದ ಕೋಣೆ. ಮೇಲಿನ ಬಾಯಿಂದ ಏಣಿ ಇಳಿದು ಒಳಗೆ ಹೋಗಬೇಕು. ಕಿವಾದ ನೆಲದಲ್ಲಿ ಒಂದು ಸಣ್ಣ ತೂತು ಇರುತ್ತದೆ. ಮನುಷ್ಯರು ಕೆಳಗಿನ ಲೋಕದಿಂದ ಈ ನಾಲ್ಕನೆಯ ಲೋಕಕ್ಕೆ ಹತ್ತಿ ಬಂದ ಬಾಯಿಯ ನೆನಪು ಅದು. ಆ ಮೂಲ ಜಾಗ ಇರುವುದು ಗ್ರ್ಯಾಂಡ್ ಕ್ಯಾನ್ಯನ್ ಕಡೆಯೇ, ಲಿಟಲ್ ಕೊಲರಾಡೊ ನದಿಯ ಕಣಿವೆಯಲ್ಲಿ. ನೀವು ಕಟಕಟೆ ಹಿಡಿದು ಫೋಟೊ ತೆಗೆದ ಆ ಕಣಿವೆ ಹೋಪಿಗಳಿಗೆ ಹುಟ್ಟಿದ ಮನೆ.

ಫೆಬ್ರವರಿಯ ಪೊವಾಮುಯಾ ಇಡೀ ವರ್ಷಕ್ಕೆ ಬುನಾದಿ. ಹೊರಗೆ ಮೈ ಕೊರೆಯುವ ಚಳಿ. ಕಿವಾದೊಳಗೆ ಗಂಡಸರು ಹಗಲೂ ರಾತ್ರಿ ಬೆಂಕಿ ಉರಿಸಿ, ಮಣ್ಣು ತುಂಬಿದ ಪಾತ್ರೆಗಳಲ್ಲಿ ಬೀನ್ಸ್ ಕಾಳು ಬಿತ್ತಿ ಮೊಳಕೆ ಬರಿಸುತ್ತಾರೆ. ಹಿಮದ ನಡುವೆ ಹಸಿರು! ಹಬ್ಬದ ದಿನ ಬೆಳಗಿನ ಜಾವ ಕತ್ಸಿನಾಗಳು ಆ ಮೊಳಕೆಗಳನ್ನು ಮನೆಮನೆಗೆ ತಂದು ಕೊಡುತ್ತಾರೆ. ಹೆಂಗಸರು ಅದನ್ನು ಸಾರು ಮಾಡುತ್ತಾರೆ. ಊರಿಗೆ ಊರೇ ಉಣ್ಣುತ್ತದೆ. ಬರುವ ಬೆಳೆ ಹೇಗಿರಬೇಕು ಎಂದು ಬಾಯಿ ಬಿಟ್ಟು ಹೇಳುವ ಬದಲು ಬೆಳೆದೇ ತೋರಿಸಿದ ಹಾಗೆ. ಅದೇ ಹಬ್ಬದಲ್ಲಿ ಎಯೊಟೊಟೊ ಎಂಬ ಹಿರಿಯ ಕತ್ಸಿನಾ ಮೆಕ್ಕೆಜೋಳದ ಹಿಟ್ಟಿನಿಂದ ನೆಲದ ಮೇಲೆ ಮೋಡದ ಗುರುತು ಬರೆಯುತ್ತಾರೆ. ಜೊತೆಗೆ ಬರುವ ಆಹೊಲಿ ಅದರ ಮೇಲೆ ತನ್ನ ಕೋಲು ಊರುತ್ತಾರೆ. ಹೀಗೆ ಒಂದೊಂದೇ ಮೋಡ ದಾಟುತ್ತ ಊರೊಳಗೆ ನಡೆದು ಬರುತ್ತಾರೆ.

ಈಗ ನಿಮ್ಮ ಬೊಂಬೆಯ ವಿಷಯ. ಪೊವಾಮುಯಾದ ಬೆಳಿಗ್ಗೆ ಕತ್ಸಿನಾಗಳು ಮೊಳಕೆಯ ಜೊತೆ ಹೆಣ್ಣುಮಕ್ಕಳಿಗೆ ಬೊಂಬೆ ಕೊಡುತ್ತಾರೆ. ಹೋಪಿಗಳು ಇದನ್ನು ತಿಹು ಎನ್ನುತ್ತಾರೆ. ಎಳೆ ಮಗುವಿಗೆ ಕೊಡುವುದು ಚಪ್ಪಟೆ ಹಲಗೆಯಂಥ ಸರಳ ಬೊಂಬೆ. ಹುಡುಗಿ ಬೆಳೆದ ಹಾಗೆ ಕೈಕಾಲು ಇರುವ ಬೊಂಬೆಗಳು ಸಿಗುತ್ತವೆ. ಗಂಡುಮಕ್ಕಳಿಗೆ ಬಿಲ್ಲುಬಾಣ, ಗಿಲಕಿ. ಬೊಂಬೆಯನ್ನು ಮನೆಯ ಗೋಡೆಗೋ ತೊಲೆಗೋ ತೂಗುಹಾಕುತ್ತಾರೆ. ಹುಡುಗಿ ಅದನ್ನು ದಿನಾ ನೋಡುತ್ತ ಯಾವ ಕತ್ಸಿನಾ ಯಾರು ಎಂದು ಕಲಿಯುತ್ತಾಳೆ. ಅದು ಅವಳಿಗೆ ಒಳ್ಳೆಯ ಬಾಳು ಸಿಗಲಿ, ಮಕ್ಕಳಾಗಲಿ ಎಂಬ ಹಾರೈಕೆ. ಅದಕ್ಕೆ ಪೂಜೆ ಇಲ್ಲ, ನೈವೇದ್ಯ ಇಲ್ಲ.

ಎಲ್ಲ ಕತ್ಸಿನಾಗಳೂ ಮುದ್ದು ಮಾಡುವವರಲ್ಲ ಅನ್ನುವುದನ್ನೂ ಹೇಳಬೇಕು. ಮೊದಲ ಎರಡು ಮೇಸಾಗಳ ಕೆಲವು ಊರುಗಳಲ್ಲಿ ಇದೇ ಹೊತ್ತಿಗೆ ಸೊಯೊಕೊಗಳು ಬರುತ್ತಾರೆ. ದೊಡ್ಡ ಹಲ್ಲು, ಕೆದರಿದ ಕೂದಲು, ಕೈಯಲ್ಲಿ ಗರಗಸವೋ ಕೊಕ್ಕೆಯೋ. ಮೊದಲು ಬಂದು ಹುಡುಗರಿಗೆ ಬೇಟೆ ಹಿಡಿದು ತರಲು, ಹುಡುಗಿಯರಿಗೆ ಹಿಟ್ಟು ಬೀಸಿ ಇಡಲು ಹೇಳಿ ಹೋಗುತ್ತಾರೆ. ಕೆಲವು ದಿನ ಬಿಟ್ಟು ಮತ್ತೆ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಮಗು ವರ್ಷವಿಡೀ ಮಾಡಿದ ತಂಟೆಗಳೆಲ್ಲ ಅವರಿಗೆ ಗೊತ್ತು! ‘ಈ ಮಗುವನ್ನು ಕೊಡಿ’ ಎಂದು ಕೇಳುತ್ತಾರೆ. ಆಗ ಅಪ್ಪ ಅಮ್ಮ, ಅಜ್ಜಿ, ಸೋದರಮಾವ ಎಲ್ಲ ಮಗುವಿನ ಪರ ನಿಂತು ವಾದ ಮಾಡುತ್ತಾರೆ. ಇವನು ಒಳ್ಳೆಯವನು, ಇನ್ನು ಮುಂದೆ ಸರಿಯಾಗಿರುತ್ತಾನೆ ಎಂದು ಮಾತು ಕೊಟ್ಟು, ಮಾಂಸ, ರೊಟ್ಟಿ ಕೊಟ್ಟು ಬಿಡಿಸಿಕೊಳ್ಳುತ್ತಾರೆ. ಇದು ಮಕ್ಕಳನ್ನು ಸುಮ್ನೆ ಹೆದರಿಸುವುದು ಅಂತ ಹೊರಗಿನವರು ಬರೆದದ್ದುಂಟು. ನನಗೆ ಹಾಗನ್ನಿಸುವುದಿಲ್ಲ. ತನ್ನ ಪರವಾಗಿ ಮನೆಮಂದಿಯೆಲ್ಲ ಎದ್ದು ನಿಂತದ್ದನ್ನು ಆ ಮಗು ಕಣ್ಣಾರೆ ನೋಡುತ್ತದೆ, ಅಲ್ವಾ?

ಎಂಟು ಹತ್ತು ವರ್ಷದ ಹೊತ್ತಿಗೆ ಮಕ್ಕಳಿಗೆ ದೀಕ್ಷೆ ಆಗುತ್ತದೆ. ಕಾಗೆತಾಯಿ ಎಂಬ ಕತ್ಸಿನಾ ಯಕ್ಕಾ ಗಿಡದ ಎಲೆಗಳ ಕಟ್ಟು ತರುತ್ತಾರೆ. ‘ಹೂ’ ಎಂಬ ಹೆಸರಿನ (ನಮ್ಮ ಹೂವಿಗೂ ಇದಕ್ಕೂ ಸಂಬಂಧವಿಲ್ಲ) ಕತ್ಸಿನಾಗಳು ಅದರಿಂದ ಮಕ್ಕಳಿಗೆ ಏಟು ಕೊಡುತ್ತಾರೆ. ಪಕ್ಕದಲ್ಲಿ, ಆ ಮಗುವಿಗೆಂದೇ ಗೊತ್ತುಮಾಡಿದ ದೀಕ್ಷಾ ತಂದೆ ತಾಯಿ ನಿಂತಿರುತ್ತಾರೆ. ಆಮೇಲೆ ಮಕ್ಕಳಿಗೆ ಕತ್ಸಿನಾಗಳ ಬಗ್ಗೆ ದೊಡ್ಡವರ ತಿಳಿವಳಿಕೆ ಸಿಗುತ್ತದೆ, ಮುಂದೆ ಆ ಕೆಲಸದಲ್ಲಿ ಪಾಲೂ ಸಿಗುತ್ತದೆ. ಅಲ್ಲಿ ಏನು ಹೇಳುತ್ತಾರೆ ಎಂಬುದು ಅವರಿಗೆ ಸೇರಿದ್ದು. ದೀಕ್ಷೆಯಾಗದ ಮಕ್ಕಳ ಮುಂದೆ ಇದನ್ನು ಮಾತಾಡಬೇಡಿ ಎಂದು ಹೋಪಿ ಹಿರಿಯರು ಹೊರಗಿನವರನ್ನು ಕೇಳಿಕೊಳ್ಳುತ್ತಾರೆ. ಆದ್ದರಿಂದ ನಾನು ಇಲ್ಲಿಗೇ ನಿಲ್ಲಿಸುತ್ತೇನೆ. ಇಷ್ಟು ಹೇಳಬಹುದು: ಕತ್ಸಿನಾ ಊರಿನ ಅಂಗಳಕ್ಕೆ ಬಂದಾಗ ಹೋಪಿಗಳು ನೋಡುವುದು ಕತ್ಸಿನಾ ಅವರನ್ನೇ. ವೇಷ ಹಾಕಿದ್ದು ಯಾರು ಎಂಬ ಪ್ರಶ್ನೆಯನ್ನು ಅಲ್ಲಿ ಯಾರೂ ಕೇಳುವುದಿಲ್ಲ.

ವಸಂತ ಬಂದ ಮೇಲೆ ಕುಣಿತ ಕಿವಾದಿಂದ ಊರ ನಡುವಿನ ಅಂಗಳಕ್ಕೆ ಬರುತ್ತದೆ. ಬೆಳಿಗ್ಗೆಯಿಂದ ಸಂಜೆವರೆಗೆ, ನಡುನಡುವೆ ವಿಶ್ರಾಂತಿ ಬಿಟ್ಟು, ಸಾಲಾಗಿ ನಿಂತು ಹಾಡುತ್ತ ಹೆಜ್ಜೆ ಹಾಕುತ್ತಾರೆ. ಬಲಗಾಲಿಗೆ ಆಮೆಚಿಪ್ಪಿನ ಗಿಲಕಿ, ಕೈಯಲ್ಲಿ ಸೋರೆಬುರುಡೆ. ಮುಂದೆ ಕತ್ಸಿನಾ ತಂದೆ ಎಂಬ ಹಿರಿಯರು ಹಿಟ್ಟು ಎರಚಿ ದಾರಿ ತೋರಿಸುತ್ತಾರೆ, ಹುರಿದುಂಬಿಸುತ್ತಾರೆ. ಹಾಡುಗಳಲ್ಲಿ ಬಹಳಷ್ಟು ಆಯಾ ವರ್ಷಕ್ಕೆ ಹೊಸದಾಗಿ ಕಟ್ಟಿದವು. ಮೋಡ ಬರುವುದು, ಹೊಲದ ಜೋಳದ ಗಿಡಗಳು ಎಳೆ ಹುಡುಗಿಯರ ಹಾಗೆ ನಿಂತಿರುವುದು, ಹೂವಿನ ಮೇಲೆ ಚಿಟ್ಟೆ ಹಾರುವುದು, ಇವೆಲ್ಲ ಹಾಡಿನಲ್ಲಿ ಬರುತ್ತವೆ. ಜೊತೆಗೆ ಬುದ್ಧಿಮಾತೂ ಬರುತ್ತದೆ: ನೀವು ಹಿರಿಯರ ದಾರಿ ಬಿಟ್ಟಿರಿ, ಜಗಳಕ್ಕೆ ಬಿದ್ದಿರಿ, ಹೊಲ ಮರೆತಿರಿ ಎಂದು. 1998ರಲ್ಲಿ ಬಂದ ದೊಡ್ಡ ಹೋಪಿ ನಿಘಂಟಿನ ಹಿಂದೆ ಇದ್ದ ಹೋಪಿ ವಿದ್ವಾಂಸ ಎಮರಿ ಸೆಕಕ್ವಾಪ್ಟೇವಾ ಅವರು ಈ ಹಾಡುಗಳನ್ನು ಅರ್ಥ ಮಾಡಿಕೊಳ್ಳುವುದಕ್ಕೆ ವರ್ಷಗಟ್ಟಲೆ ದುಡಿದರು. ಹೋಪಿಗಳು ಹೇಗೆ ಬಾಳಬೇಕು ಎಂಬುದು ಈ ಹಾಡುಗಳಲ್ಲೇ ಇದೆ ಎಂಬುದು ಅವರ ನಿಲುವಾಗಿತ್ತು.

ಕುಣಿತದ ನಡುವೆ ಕೋಡಂಗಿಗಳೂ ಬರುತ್ತಾರೆ. ಮನೆಗಳ ಮಾಳಿಗೆಯ ಮೇಲಿಂದ ಬಿದ್ದು ಎದ್ದು ಇಳಿಯುತ್ತಾರೆ. ಕತ್ಸಿನಾಗಳನ್ನು ಕಂಡು ‘ಇವರೆಲ್ಲ ನನ್ನವರು, ನನ್ನವರು’ ಎಂದು ಹಿಡಿದುಕೊಳ್ಳುತ್ತಾರೆ. ಹೊಟ್ಟೆಬಾಕತನ, ದುರಾಸೆ, ಜಂಬ, ಎಲ್ಲವನ್ನೂ ಊರ ಮುಂದೆ ಆಡಿ ತೋರಿಸುತ್ತಾರೆ. ಗೂಬೆ ಕತ್ಸಿನಾ ಬಂದು ಎಚ್ಚರಿಸುತ್ತಾರೆ, ಇವರು ಕೇಳುವುದಿಲ್ಲ. ಮತ್ತೆ ಬರುತ್ತಾರೆ, ಆಗಲೂ ಕೇಳುವುದಿಲ್ಲ. ಕೊನೆಗೆ ಬೇರೆ ಕತ್ಸಿನಾಗಳನ್ನು ಕರೆತಂದು ಏಟು ಕೊಟ್ಟು, ತಲೆಯ ಮೇಲೆ ನೀರು ಸುರಿದು ಶುದ್ಧ ಮಾಡುತ್ತಾರೆ. ಜನ ಬಿದ್ದು ಬಿದ್ದು ನಗುತ್ತಾರೆ. ನಗುವಾಗ ತಾವು ನೋಡುತ್ತಿರುವುದು ತಮ್ಮನ್ನೇ ಎಂದು ಅವರಿಗೆ ಗೊತ್ತು.

ಜುಲೈನಲ್ಲಿ ನಿಮಾನ್. ಕತ್ಸಿನಾಗಳನ್ನು ಮನೆಗೆ ಕಳಿಸಿಕೊಡುವ ಹಬ್ಬ. ಹೆಚ್ಚಾಗಿ ಹೆಮಿಸ್ ಕತ್ಸಿನಾಗಳು ಬರುತ್ತಾರೆ. ತಲೆಯ ಮೇಲೆ ಮೋಡದ ಮೆಟ್ಟಿಲುಗಳಿರುವ ಎತ್ತರದ ಹಲಗೆ. ಮುಂದೆ ಕತ್ಸಿನಾ ಹೆಣ್ಣುಗಳು ಮಂಡಿಯೂರಿ ಕೂತು, ಸೋರೆಬುರುಡೆಯ ಮೇಲೆ ಗೀರಿದ ಕೋಲಿಟ್ಟು ಉಜ್ಜಿ ಕರಕರ ಸದ್ದು ಮಾಡುತ್ತಾರೆ. ಬೆಳಿಗ್ಗೆ ಬರುವಾಗಲೇ ಆ ವರ್ಷದ ಮೊದಲ ಹಸಿ ಜೋಳದ ಗಿಡಗಳನ್ನು ತೆನೆಸಮೇತ ತಂದು ಹಂಚುತ್ತಾರೆ. ಮಕ್ಕಳಿಗೆ ಬೊಂಬೆ, ಹಣ್ಣು. ಆ ವರ್ಷ ಮದುವೆಯಾದ ಹೆಣ್ಣುಮಕ್ಕಳು ಬಿಳಿ ನಿಲುವಂಗಿಯಲ್ಲಿ ಅಂಗಳಕ್ಕೆ ಬರುತ್ತಾರೆ. ಆ ಬಟ್ಟೆ ನೇಯುವುದು ಗಂಡನ ಕಡೆಯ ಗಂಡಸರು. ಸಂಜೆ ಕತ್ಸಿನಾ ತಂದೆ ಕತ್ಸಿನಾಗಳಿಗೆ ಧನ್ಯವಾದ ಹೇಳುತ್ತಾರೆ. ನಮ್ಮ ಬೇಡಿಕೆಯನ್ನು ತೆಗೆದುಕೊಂಡು ಹೋಗಿ, ಎಲ್ಲ ಕಡೆ ಮಳೆಯಾಗಲಿ ಎಂದು ಕೇಳಿಕೊಳ್ಳುತ್ತಾರೆ. ಪಾಹೊ ಎಂಬ ಗರಿಕಟ್ಟುಗಳನ್ನು ಕೈಗಿಡುತ್ತಾರೆ. ಕತ್ಸಿನಾಗಳು ಊರು ಬಿಟ್ಟು ನಡೆಯುತ್ತಾರೆ. ಕೆಲವೇ ದಿನಗಳಲ್ಲಿ ಶಿಖರಗಳ ಕಡೆಯಿಂದ ಗುಡುಗು ಕೇಳಬೇಕು. ಅರಿಜೋನಾದವರೂ ಆ ಮಳೆಯನ್ನು ಮಾನ್ಸೂನ್ ಎಂದೇ ಕರೆಯುತ್ತಾರೆ, ನಿಮಗೆ ಗೊತ್ತಿರುತ್ತದೆ.

ನಿಮ್ಮತ್ತೆಯವರ ಮಾತಿಗೆ ಇಲ್ಲಿ ಉತ್ತರ ಹೇಳಬಹುದು. ಬಣ್ಣ, ಮುಖ, ಗಗ್ಗರದಂಥ ಸದ್ದು ನೋಡಿದರೆ ತುಳುನಾಡಿನ ಕೋಲ ನೆನಪಾಗುವುದು ಸಹಜ. ಆದರೆ ಕೋಲದಲ್ಲಿ ದೈವ ಮೈಮೇಲೆ ಬಂದು ನುಡಿ ಕೊಡುತ್ತದೆ, ನ್ಯಾಯ ತೀರ್ಮಾನ ಮಾಡುತ್ತದೆ, ಹರಕೆ ಕೇಳುತ್ತದೆ. ಕತ್ಸಿನಾ ಅಂಗಳದಲ್ಲಿ ಹಾಡುತ್ತಾರೆ, ಸಾಮಾನ್ಯವಾಗಿ ಮಾತಾಡುವುದಿಲ್ಲ. ಭವಿಷ್ಯ ಹೇಳುವುದಿಲ್ಲ. ಆವೇಶ ಇಲ್ಲ. ಇದೆಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಬೇಡಿಕೆಯಲ್ಲಿದೆ. ಆ ಅಂಗಳದಲ್ಲಿ ನನ್ನ ಮಗನಿಗೆ ಕೆಲಸ ಸಿಗಲಿ, ನನ್ನ ಕೇಸು ಗೆಲ್ಲಲಿ ಎಂದು ಯಾರೂ ಕೇಳುವುದಿಲ್ಲ. ಮಳೆ ಕೇಳುತ್ತಾರೆ. ಅದೂ ತಮ್ಮ ಹೊಲಕ್ಕೆ ಮಾತ್ರ ಅಲ್ಲ, ಲೋಕದ ಎಲ್ಲ ಜೀವಗಳಿಗೆ. ಕುಣಿತಕ್ಕೆ ಬಂದ ನೋಡುಗರೂ ಮನಸ್ಸಿನಲ್ಲಿ ಕಹಿ ಇಟ್ಟುಕೊಂಡು ನಿಲ್ಲಬಾರದು, ಅದರಿಂದ ಇಡೀ ಕೆಲಸ ಕೆಡುತ್ತದೆ ಎನ್ನುತ್ತಾರೆ.

ಈ ನಂಬಿಕೆ ಎಷ್ಟು ಹಳೆಯದು? ನಾವು ಲೋಕಕ್ಕೆ ಬಂದ ಕಾಲದಿಂದ ಕತ್ಸಿನಾಗಳು ಜೊತೆಗಿದ್ದಾರೆ ಎನ್ನುವುದು ಹೋಪಿಗಳ ಮಾತು. ಪುರಾತತ್ವದವರಿಗೆ ಕತ್ಸಿನಾ ಮುಖಗಳು ಬಂಡೆಚಿತ್ರಗಳಲ್ಲಿ, ಮಡಕೆಗಳ ಮೇಲೆ, ಕಿವಾ ಗೋಡೆಗಳಲ್ಲಿ ಢಾಳಾಗಿ ಕಾಣಲು ಶುರುವಾಗುವುದು 1300ರ ಆಸುಪಾಸಿನಿಂದ. ಅದಕ್ಕೆ ಸ್ವಲ್ಪ ಮುಂಚೆ, 1276ರಿಂದ 1299ರವರೆಗೆ, ಆ ಪ್ರದೇಶದಲ್ಲಿ ಭೀಕರ ಬರ ಬಿದ್ದಿತ್ತು. ಮರಗಳ ಒಳಗಿನ ಬಳೆಗಳನ್ನು ಎಣಿಸಿ ಇದನ್ನು ಕಂಡುಕೊಂಡಿದ್ದಾರೆ. ಬೇರೆ ಬೇರೆ ಕಡೆಯಿಂದ ವಲಸೆ ಬಂದ ಕುಲಗಳು ಒಂದೇ ಊರಿನಲ್ಲಿ ಕೂಡಿ ಬಾಳಬೇಕಾಯಿತು. ಎಲ್ಲ ಕುಲದವರೂ ಒಟ್ಟಿಗೆ ಸೇರಿ ಮಾಡುವ ಈ ಆಚರಣೆ ಅವರನ್ನು ಹಿಡಿದಿಟ್ಟಿತು ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ. ನನಗೆ ಇದು ಒಪ್ಪುವಂಥ ಮಾತು ಅನ್ನಿಸುತ್ತದೆ.

ಇದನ್ನು ಅಳಿಸಿಹಾಕಲು ನೋಡಿದವರೂ ಕಡಿಮೆ ಇರಲಿಲ್ಲ. 1629ರಲ್ಲಿ ಸ್ಪೇನಿನ ಪಾದ್ರಿಗಳು ಹೋಪಿಗಳ ಅವಾಟೊವಿ ಊರಿನಲ್ಲಿ ಚರ್ಚು ಕಟ್ಟಲು ಬಂದರು. 1661ರಲ್ಲಿ ಆ ಸೀಮೆಯ ಪ್ಯುಬ್ಲೊ ಜನರ (ಹೋಪಿಗಳ ಹಾಗೆ ಊರು ಕಟ್ಟಿ ನೆಲೆನಿಂತ ಮೂಲನಿವಾಸಿಗಳ) ಕತ್ಸಿನಾ ಕುಣಿತಗಳನ್ನೇ ನಿಷೇಧಿಸಿ, ಕುಣಿತಕ್ಕೆ ಬಳಸುವ ಮುಖಗಳನ್ನು, ಗರಿಗಳನ್ನು ಹುಡುಕಿ ಸುಡಿಸಿದರು. 1680ರಲ್ಲಿ ಪ್ಯುಬ್ಲೊ ಜನರೆಲ್ಲ ಒಟ್ಟಿಗೆ ದಂಗೆ ಎದ್ದು ಸ್ಪೇನಿನವರನ್ನು ಓಡಿಸಿದರು, ಹೋಪಿಗಳೂ ಅದರಲ್ಲಿದ್ದರು. ಆಮೇಲೆ ಅಮೆರಿಕ ಸರ್ಕಾರ ಬಂತು. ಮಕ್ಕಳನ್ನು ಬಲವಂತವಾಗಿ ವಸತಿಶಾಲೆಗೆ ಎಳೆದೊಯ್ದರು. ಮಕ್ಕಳನ್ನು ಕೊಡಲು ಒಪ್ಪದ 19 ಹೋಪಿ ಗಂಡಸರನ್ನು 1895ರಲ್ಲಿ ಆಲ್ಕಟ್ರಾಜ್ ದ್ವೀಪದ ಸೆರೆಮನೆಗೆ ಹಾಕಿದರು. ಇಷ್ಟಾದರೂ ಪೊವಾಮುಯಾ ನಿಲ್ಲಲಿಲ್ಲ, ನಿಮಾನ್ ನಿಲ್ಲಲಿಲ್ಲ.

ಈಗಿನ ನೋವು ಬೇರೆ ಥರದ್ದು. ಕತ್ಸಿನಾಗಳ ಮನೆಯಾದ ಆ ಶಿಖರಗಳ ಮೇಲೆ 1938ರಿಂದ ಸ್ಕೀ ಆಟದ ತಾಣವಿದೆ. ಫ್ಲ್ಯಾಗ್‌ಸ್ಟಾಫ್ ಊರಿನ ಚರಂಡಿ ನೀರನ್ನು ಶುದ್ಧ ಮಾಡಿ, ಅದರಿಂದ ಕೃತಕ ಹಿಮ ಮಾಡಿ ಬೆಟ್ಟದ ಮೇಲೆ ಹರಡಲು 2005ರಲ್ಲಿ ಅನುಮತಿ ಸಿಕ್ಕಿತು. ಹೋಪಿಗಳು, ನವಾಹೊಗಳು, ಬೇರೆ ಬುಡಕಟ್ಟುಗಳು ಕೋರ್ಟಿಗೆ ಹೋದರು. 2007ರಲ್ಲಿ ಮೇಲ್ಮನವಿ ಕೋರ್ಟಿನ ಮೂವರು ನ್ಯಾಯಾಧೀಶರು ಅವರ ಪರ ತೀರ್ಪು ಕೊಟ್ಟರು. 2008ರಲ್ಲಿ ಅದೇ ಕೋರ್ಟಿನ ದೊಡ್ಡ ಪೀಠ ಅದನ್ನು ತಿರುಗಿಸಿತು. ಪೂಜೆಗೆ ಬೆಟ್ಟ ಹತ್ತಲು ಯಾರೂ ತಡೆಯುತ್ತಿಲ್ಲ, ಹಾಗಾಗಿ ಧರ್ಮಕ್ಕೆ ದೊಡ್ಡ ಅಡ್ಡಿಯಿಲ್ಲ ಎಂಬ ವಾದ. 2009ರಲ್ಲಿ ಸುಪ್ರೀಂ ಕೋರ್ಟ್ ಕೇಸು ಕೈಗೆತ್ತಿಕೊಳ್ಳಲಿಲ್ಲ. 2012ರ ಕೊನೆಯಲ್ಲಿ ಯಂತ್ರಗಳು ಶುರುವಾದವು. ಹೋಪಿಗಳು ರಾಜ್ಯದ ಕೋರ್ಟಿನಲ್ಲಿ ಹೂಡಿದ ಇನ್ನೊಂದು ದಾವೆಯೂ 2018ರಲ್ಲಿ ಬಿದ್ದುಹೋಯಿತು. ಬೆಟ್ಟ ಹತ್ತಲು ಜಾಗ ಇದೆಯಾ ಇಲ್ಲವಾ ಎಂಬುದು ಅವರ ಪ್ರಶ್ನೆಯೇ ಆಗಿರಲಿಲ್ಲ. ಹಿಮ ಮತ್ತು ಮಳೆ ತರುವುದು ಕತ್ಸಿನಾಗಳ ಕೆಲಸ. ಅವರದೇ ಮನೆಯಲ್ಲಿ, ಚರಂಡಿಯಿಂದ ಬಂದ ನೀರಿನಿಂದ ಮನುಷ್ಯರು ಆ ಕೆಲಸ ಮಾಡತೊಡಗಿದರೆ ಆ ಸಂಬಂಧಕ್ಕೆ ಏನು ಉಳಿಯಿತು? ಕೋರ್ಟು ಇದನ್ನು ಬರೀ ಭಾವನೆಯ ವಿಷಯ ಎಂದು ಪಕ್ಕಕ್ಕಿಟ್ಟದ್ದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

2013ರಲ್ಲಿ ಪ್ಯಾರಿಸ್‌ನಲ್ಲಿ ಕತ್ಸಿನಾ ಮುಖಗಳ ಹರಾಜು ನಡೆಯಿತು. ಹೋಪಿಗಳು ಅವನ್ನು ‘ಗೆಳೆಯರು’ ಎನ್ನುತ್ತಾರೆ, ಜೀವ ಇರುವವರ ಹಾಗೆ ನೋಡಿಕೊಳ್ಳುತ್ತಾರೆ. ಅವು ಊರಿಗೆ ಸೇರಿದವು, ಮಾರುವ ಹಕ್ಕು ಒಬ್ಬರಿಗೂ ಇಲ್ಲ. ಮಾರಾಟ ತಡೆಯಿರಿ ಎಂದು ಫ್ರಾನ್ಸಿನ ಕೋರ್ಟಿಗೆ ಹೋದರೂ ಫಲ ಸಿಗಲಿಲ್ಲ. ಏಪ್ರಿಲ್‌ನಲ್ಲಿ ಸುಮಾರು 70 ಹೋದವು. ಅದೇ ಡಿಸೆಂಬರ್‌ನಲ್ಲಿ ಮತ್ತೊಂದು ಹರಾಜು ನಡೆದಾಗ ಅಮೆರಿಕದ ಆ್ಯನೆನ್‌ಬರ್ಗ್ ಫೌಂಡೇಶನ್ ಗುಟ್ಟಾಗಿ ಬಿಡ್ ಮಾಡಿ 24 ವಸ್ತುಗಳನ್ನು ಕೊಂಡಿತು. 21 ಹೋಪಿಗಳಿಗೆ, 3 ಅಪಾಚಿ ಬುಡಕಟ್ಟಿನವರಿಗೆ ಹಿಂದಿರುಗಿದವು. ಇಂಥ ವಸ್ತುಗಳನ್ನು ದೇಶದಿಂದ ಹೊರಗೆ ಸಾಗಿಸುವುದನ್ನು ತಡೆಯುವ ಕಾನೂನು ಅಮೆರಿಕದಲ್ಲಿ 2022ರ ಡಿಸೆಂಬರ್‌ನಲ್ಲಿ ಬಂತು.

ಬೊಂಬೆಯ ವಿಷಯ ಹಾಗಲ್ಲ. ಅದನ್ನು ಮಾರಲೆಂದೇ ಕೆತ್ತುವ ಹೋಪಿ ಕಲಾವಿದರು ಬಹಳ ಮಂದಿ ಇದ್ದಾರೆ, ಎಷ್ಟೋ ಮನೆಗಳು ಅದರಿಂದ ನಡೆಯುತ್ತವೆ. ನೀವು ಕೊಂಡದ್ದರಲ್ಲಿ ತಪ್ಪೇನಿಲ್ಲ. ಆದರೆ ಅದು ಹೋಪಿಗಳ ಕೈಯದೇ ಎಂದು ನೋಡಿಕೊಳ್ಳಿ. ಅಸಲಿ ಬೊಂಬೆ ಕಾಟನ್‌ವುಡ್ ಮರದ ಬೇರಿನಲ್ಲಿ ಕೆತ್ತಿದ್ದು, ಹಿಡಿದರೆ ಹಗುರ. ಈಚಿನ ಬೊಂಬೆಗಳಲ್ಲಿ ಅಡಿಭಾಗದಲ್ಲಿ ಕಲಾವಿದರ ಹೆಸರು, ಕತ್ಸಿನಾ ಹೆಸರು ಇರುತ್ತದೆ. ಹದ್ದಿನ ಗರಿ ಮಾರುವುದು ಕಾನೂನಿಗೆ ವಿರುದ್ಧ, ಹಾಗಾಗಿ ಗರಿಯನ್ನೂ ಮರದಲ್ಲೇ ಕೆತ್ತಿರುತ್ತಾರೆ. ತುಪ್ಪಳ, ಚರ್ಮ, ಬಣ್ಣದ ಗರಿ ಜಾಸ್ತಿ ಅಂಟಿಸಿ ಕಡಿಮೆ ಬೆಲೆಗೆ ಮಾರುವ ಬೊಂಬೆಗಳು ಹೆಚ್ಚಾಗಿ ಬೇರೆ ಕಡೆ ತಯಾರಾದವು. ಯಾರು ಮಾಡಿದ್ದು ಎಂದು ಸುಳ್ಳು ಹೇಳಿ ಮಾರುವುದು 1990ರ ಕಾನೂನಿನ ಪ್ರಕಾರ ಅಪರಾಧ, ಧೈರ್ಯವಾಗಿ ಕೇಳಿ. ಒಳ್ಳೆಯ ಹಳೆಯ ಬೊಂಬೆಗಳನ್ನು ನೋಡಬೇಕಾದರೆ ನಿಮ್ಮ ಹತ್ತಿರದಲ್ಲೇ, ಫೀನಿಕ್ಸ್‌ನ ಹರ್ಡ್ ಮ್ಯೂಸಿಯಂ ಇದೆ. ಸೆನೆಟರ್ ಬ್ಯಾರಿ ಗೋಲ್ಡ್‌ವಾಟರ್ 1964ರಲ್ಲಿ ಕೊಟ್ಟ 400ಕ್ಕೂ ಹೆಚ್ಚು ಬೊಂಬೆಗಳು ಆ ಸಂಗ್ರಹದಲ್ಲಿವೆ.

ದಸರಾ ಸಾಲಿನ ಬಗ್ಗೆ ನನ್ನ ಸಲಹೆ ಇಷ್ಟು. ಇಡಬಹುದು. ಪಟ್ಟದ ಬೊಂಬೆಯ ಪಕ್ಕ ಕುಂಕುಮ ಹಚ್ಚಿ ಆರತಿ ಎತ್ತಬೇಡಿ. ಅದನ್ನು ದೇವರು ಮಾಡಿದರೆ ಹೋಪಿಗಳು ಅದಕ್ಕೆ ಕೊಟ್ಟ ಅರ್ಥ ಅಳಿಸಿಹೋಗುತ್ತದೆ. ಬೇರೆ ಮೆಟ್ಟಿಲಲ್ಲಿಟ್ಟು, ಬಂದವರಿಗೆ ಇದು ಯಾರು, ಯಾವ ಜನರ ಬೊಂಬೆ, ಯಾರು ಕೆತ್ತಿದ್ದು ಎಂದು ಹೇಳಿ. ಮನೆಯಲ್ಲಿ ಹೆಣ್ಣುಮಗು ಇದ್ದರೆ ಅವಳ ಕೋಣೆಯ ಗೋಡೆಗೆ ತೂಗುಹಾಕಿದರೂ ಚೆಂದ.

ಕುಣಿತ ನೋಡುವ ಪ್ರಶ್ನೆ ಉಳಿಯಿತು. 1992ರಲ್ಲಿ ಒಂದು ಕಾಮಿಕ್ಸ್ ಪುಸ್ತಕ ಕತ್ಸಿನಾಗಳನ್ನು ಕೇಡಿಗರಂತೆ ತೋರಿಸಿತು. ಅದಾಗಲೇ ನೋಡುಗರ ನೂಕುನುಗ್ಗಲು, ಕದ್ದು ಫೋಟೊ ತೆಗೆಯುವುದು ಅತಿಯಾಗಿತ್ತು. ಆಮೇಲೆ ಹಲವು ಊರುಗಳು ಹೊರಗಿನವರಿಗೆ ಕತ್ಸಿನಾ ಕುಣಿತಗಳನ್ನು ಮುಚ್ಚಿದವು. ಈಗ ಒಂದೊಂದು ಊರು ತನ್ನ ನಿರ್ಧಾರ ತಾನೇ ಮಾಡುತ್ತದೆ. ಎರಡನೆಯ ಮೇಸಾದ ಮೇಲಿರುವ ಹೋಪಿ ಕಲ್ಚರಲ್ ಸೆಂಟರ್‌ನಲ್ಲಿ ವಿಚಾರಿಸಿ. ಇಲ್ಲ ಎಂದರೆ ಇಲ್ಲ, ಒತ್ತಾಯ ಮಾಡಬೇಡಿ. ಆಗಸ್ಟ್‌ನಲ್ಲಿ ಹುಡುಗ ಹುಡುಗಿಯರು ಕುಣಿಯುವ ಚಿಟ್ಟೆ ಕುಣಿತದಂಥವು ಕತ್ಸಿನಾ ಕುಣಿತಗಳಲ್ಲ, ಅವಕ್ಕೆ ಪ್ರವೇಶ ಸಿಗುವ ಸಾಧ್ಯತೆ ಹೆಚ್ಚು. ಎಲ್ಲೇ ಆಗಲಿ ಫೋನು ಹೊರಗೆ ತೆಗೆಯಬೇಡಿ. ಫೋಟೊ, ವಿಡಿಯೊ, ಧ್ವನಿಮುದ್ರಣ, ಚಿತ್ರ ಬರೆದುಕೊಳ್ಳುವುದು, ಯಾವುದಕ್ಕೂ ಅವಕಾಶವಿಲ್ಲ. ಮೈ ತುಂಬ ಬಟ್ಟೆ ಹಾಕಿ, ಟೋಪಿ ತೆಗೆಯಿರಿ, ಹಿಂದೆ ನಿಲ್ಲಿ. ತಿನ್ನಲು ಏನಾದರೂ ಕೊಟ್ಟರೆ ಬೇಡ ಎನ್ನದೆ ತೆಗೆದುಕೊಳ್ಳಿ. ಬೇಸಿಗೆಯಲ್ಲಿ ಹೋಗುವುದಾದರೆ ಇನ್ನೊಂದು ಮಾತು: ನವಾಹೊ ನಾಡು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತದೆ, ಹೋಪಿ ಊರುಗಳು ಇಡುವುದಿಲ್ಲ. ದಾರಿಯಲ್ಲಿ ಫೋನಿನ ಸಮಯ ತಾನಾಗಿಯೇ ಬದಲಾಗಬಹುದು, ಹೊರಡುವಾಗಲೇ ಚಾಂಡ್ಲರ್ ಸಮಯಕ್ಕೆ ಕೈಗಡಿಯಾರ ಕಟ್ಟಿಕೊಳ್ಳಿ.